ಹಳೆಯ ಕಾರಿನ ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ: ಕಾರಣ ಪತ್ತೆ ಹಚ್ಚುವ ಕ್ರಮ

ಎಂಜಿನ್ ಆಯಿಲ್ ಕಡಿಮೆಯಾಗುತ್ತಾ ಹೋಗುವುದಕ್ಕೆ ಇರುವ ದಾರಿಗಳು ಮೂರೇ. ಅದು ಪ್ಯಾಕಿಂಗ್ ಅಥವಾ ಸೀಲ್‌ಗಳ ಮೂಲಕ ಹೊರಗೆ ಸೋರುತ್ತದೆ, ಇಲ್ಲವೇ ದಹನ ಕೋಣೆಗೆ ಸೇರಿ ಇಂಧನದ ಜೊತೆ ಉರಿದುಹೋಗುತ್ತದೆ, ಅಪರೂಪಕ್ಕೆ ಕೂಲೆಂಟ್‌ನೊಳಗೆ ಬೆರೆಯುತ್ತದೆ. ಉರಿಯುವ ಆಯಿಲ್ ದಹನ ಕೋಣೆಗೆ ಬರುವುದು ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನಿಂದ, ವಾಲ್ವಿನ ಕಾಂಡ ಜಾರುವ ಕೊಳವೆಗಳಾದ ವಾಲ್ವ್ ಗೈಡ್‌ಗಳ ಮೂಲಕ ಮೇಲಿನಿಂದ, ಎಂಜಿನ್ನಿನೊಳಗಿನ ಅನಿಲವನ್ನು ಮತ್ತೆ ಸುಡಲು ಕಳಿಸುವ ಪಿಸಿವಿ ವಾಲ್ವ್ ದಾಟಿ ಗಾಳಿಯ ಜೊತೆಯಲ್ಲಿ, ಅಥವಾ ಟರ್ಬೊ ಇದ್ದರೆ ಅದರ ಮೂಲಕ. ಸಾಧ್ಯತೆಗಳು ಇಷ್ಟೇ ಆಗಿದ್ದರೂ, ಲಕ್ಷಕ್ಕೂ ಮಿಕ್ಕಿ ಕಿಲೋಮೀಟರ್ ಓಡಿದ ಕಾರು ಆಯಿಲ್ ಕುಡಿಯುತ್ತಿದೆ ಎಂದೊಡನೆ ‘ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು’ ಎಂಬ ತೀರ್ಮಾನ ಬಹಳ ಬೇಗ ಬಂದುಬಿಡುತ್ತದೆ. ರಿಂಗ್ ನಿಜವಾಗಿಯೂ ಹೋಗಿರಬಹುದು. ಆದರೆ ಅದನ್ನು ಕೊನೆಯಲ್ಲಿ ಹೇಳಬೇಕೇ ಹೊರತು ಮೊದಲಲ್ಲಲ್ಲ. ಸುಲಭವಾಗಿ ನೋಡಬಹುದಾದದ್ದನ್ನು ಮೊದಲು ನೋಡಿ, ಬಿಚ್ಚಬೇಕಾದದ್ದನ್ನು ಕೊನೆಗೆ ಉಳಿಸಿಕೊಂಡರೆ ಎಷ್ಟೋ ಎಂಜಿನ್‌ಗಳು ಬಿಚ್ಚಿಸಿಕೊಳ್ಳದೆಯೇ ಉಳಿಯುತ್ತವೆ.

ಮೊದಲು ಅಳತೆ

ಎಷ್ಟು ಆಯಿಲ್ ಹೋಗುತ್ತಿದೆ ಎಂಬುದು ಗೊತ್ತಿಲ್ಲದೆ ಎಲ್ಲಿಗೆ ಹೋಗುತ್ತಿದೆ ಎಂದು ಹುಡುಕುವುದು ವ್ಯರ್ಥ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಾಗಿದ್ದಾಗ ಆಫ್ ಮಾಡಿ, ಮೇಲಿರುವ ಆಯಿಲ್ ಕೆಳಗಿಳಿಯಲು ಐದರಿಂದ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಕೆಲವು ಎಂಜಿನ್‌ಗಳಲ್ಲಿ ತಣ್ಣಗಿರುವಾಗಲೇ ನೋಡಬೇಕೆಂದು ಮಾಲೀಕರ ಕೈಪಿಡಿಯಲ್ಲಿ ಬರೆದಿರುತ್ತದೆ. ಹಾಗಿದ್ದಲ್ಲಿ ಅದೇ ಸರಿ. ಡಿಪ್‌ಸ್ಟಿಕ್ಕನ್ನು ಒಮ್ಮೆ ಒರೆಸಿ, ಪೂರ್ತಿ ಒಳಗಿಳಿಸಿ, ಹೊರತೆಗೆದು, ಅದರ ಎರಡೂ ಬದಿಗಳನ್ನು ನೋಡಿ, ಕಡಿಮೆ ತೋರಿಸುವ ಬದಿಯನ್ನು ನಂಬಬೇಕು. ಮೇಲಿನ ಗುರುತಿನವರೆಗೆ ಸರಿಯಾಗಿ ತುಂಬಿಸಿ, ಓಡೋಮೀಟರ್ ಸಂಖ್ಯೆಯನ್ನು ಬರೆದಿಟ್ಟುಕೊಂಡು, 1000 ಕಿಲೋಮೀಟರ್ ಆದ ಮೇಲೆ ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ಮತ್ತೆ ನೋಡಿ, ಅಳತೆಯ ಪಾತ್ರೆಯಿಂದ ಆಯಿಲ್ ಹಾಕಿ ಮಟ್ಟವನ್ನು ಅದೇ ಗುರುತಿಗೆ ತರಬೇಕು. ಹೀಗೆ ಹಾಕಬೇಕಾಗಿ ಬಂದ ಪ್ರಮಾಣವೇ ನಿಮ್ಮ ಎಂಜಿನ್ ಕುಡಿದ ಆಯಿಲ್. ನಡುವೆ ಪ್ರತಿ ಬಾರಿ ಇಂಧನ ತುಂಬಿಸುವಾಗಲೂ ಡಿಪ್‌ಸ್ಟಿಕ್ ನೋಡುತ್ತಿರಬೇಕು, ಏಕೆಂದರೆ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಆ ದೀಪ ಹತ್ತುವ ಹೊತ್ತಿಗೆ ಬೇರಿಂಗ್‌ಗಳಿಗೆ ಪೆಟ್ಟು ಬಿದ್ದಿರಬಹುದು.

ಈ ಅಳತೆಯನ್ನು ದಾರಿ ತಪ್ಪಿಸುವ ಸಂಗತಿಗಳು ಎರಡಿವೆ. ಚಿಕ್ಕ ಚಿಕ್ಕ ಓಡಾಟಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಪೆಟ್ರೋಲ್ ಆಯಿಲ್‌ನೊಳಗೆ ಇಳಿಯುತ್ತದೆ. ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ತನ್ನೊಳಗಿನ ಮಸಿಯನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಡೀಸೆಲ್ ಆಯಿಲ್‌ನೊಳಗೆ ಇಳಿಯುತ್ತದೆ. ಇದರಿಂದ ಆಯಿಲ್ ಮಟ್ಟ ಇದ್ದಲ್ಲೇ ಇದ್ದಂತೆ, ಕೆಲವೊಮ್ಮೆ ಏರಿದಂತೆಯೂ ಕಾಣುತ್ತದೆ. ಅನಂತರ ಒಂದು ದೀರ್ಘ ಪ್ರಯಾಣದಲ್ಲಿ ಆ ಪೆಟ್ರೋಲ್ ಬಹುಪಾಲು ಆವಿಯಾಗಿ ಮಟ್ಟ ದಿಢೀರನೆ ಇಳಿದಾಗ, ಒಂದೇ ದಿನದಲ್ಲಿ ಎಂಜಿನ್ ಕೆಟ್ಟಿತೆಂದು ಮಾಲೀಕರು ಗಾಬರಿಯಾಗುತ್ತಾರೆ. ಇನ್ನೊಂದು, ಅಗತ್ಯಕ್ಕಿಂತ ಹೆಚ್ಚು ತುಂಬಿಸುವುದು. ಮೇಲಿನ ಗುರುತನ್ನು ಮೀರಿದ ಆಯಿಲ್ ಕ್ರ್ಯಾಂಕ್‌ಶಾಫ್ಟ್‌ನ ಹೊಡೆತಕ್ಕೆ ಸಿಕ್ಕಿ ನೊರೆಯಾಗಿ, ಎಂಜಿನ್ನಿನೊಳಗಿನ ಅನಿಲ ಹೊರಹೋಗುವ ಬ್ರೀದರ್ ಪೈಪಿನ ಮೂಲಕ ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಬರುವ ದಾರಿಗೆ, ಹೋಗಿ ಉರಿಯುತ್ತದೆ. ತುಂಬಿಸಿದ ಕೂಡಲೇ ಬೇಗ ಇಳಿದು, ಕೆಳಗೆ ಬಂದ ಮೇಲೆ ನಿಲ್ಲುವ ಮಟ್ಟ ಇದರ ಗುರುತು.

ಎಷ್ಟು ಹೋದರೆ ಹೆಚ್ಚು ಎಂಬ ಪ್ರಶ್ನೆಗೆ ಹಲವು ತಯಾರಕರ ಕೈಪಿಡಿಗಳು 1000 ಕಿಲೋಮೀಟರಿಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಸರಿ ಎನ್ನುತ್ತವೆ. ನನ್ನ ದೃಷ್ಟಿಯಲ್ಲಿ ಇದು ವಾರಂಟಿಯ ಗಡಿಯೇ ಹೊರತು ಆರೋಗ್ಯದ ಗುರುತಲ್ಲ. ವಯಸ್ಸಾದ ಎಂಜಿನ್ 1000 ಕಿಲೋಮೀಟರಿಗೆ 200 ಮಿಲಿಲೀಟರ್ ಕುಡಿದರೆ ಚಿಂತೆಯಿಲ್ಲ. 500 ದಾಟಿದರೆ ಕಾರಣ ಹುಡುಕಬೇಕು. ಒಂದು ಲೀಟರಿನ ಹತ್ತಿರ ಬಂದರೆ ತಡಮಾಡಬಾರದು. ಆದರೆ ಈ ಸಂಖ್ಯೆಗಿಂತ ಮುಖ್ಯವಾದುದು ಬದಲಾವಣೆ. ವರ್ಷಗಳಿಂದ 300 ಕುಡಿಯುತ್ತಿರುವ ಎಂಜಿನ್‌ಗಿಂತ, ಏನೂ ಕುಡಿಯದೆ ಇದ್ದು ಎರಡು ತಿಂಗಳಲ್ಲಿ 300ಕ್ಕೆ ಬಂದ ಎಂಜಿನ್ ಹೆಚ್ಚು ಗಮನ ಬೇಡುತ್ತದೆ.

ಹೊಗೆಯೇ ಕಾಣುವುದಿಲ್ಲವಲ್ಲ, ಆಯಿಲ್ ಉರಿಯುತ್ತಿರಲು ಹೇಗೆ ಸಾಧ್ಯ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. 1000 ಕಿಲೋಮೀಟರಿಗೆ ಒಂದು ಲೀಟರ್ ಎಂದರೆ ಕಿಲೋಮೀಟರಿಗೆ ಒಂದು ಮಿಲಿಲೀಟರ್, ಅಂದರೆ ಸುಮಾರು 20 ಹನಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಒಂದು ಕಿಲೋಮೀಟರಿನಲ್ಲಿ ನಾಲ್ಕು ಸಿಲಿಂಡರ್‌ಗಳೂ ಸೇರಿ 4000 ಬಾರಿ ದಹನ ನಡೆಯುತ್ತದೆ. ಒಂದು ಹನಿ ಆಯಿಲ್ 200 ದಹನಗಳಲ್ಲಿ ಹಂಚಿಹೋಗುತ್ತದೆ. ಅದರ ಮೇಲೆ ಬಿಸಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಉಳಿದ ಆವಿಯನ್ನೂ ಸುಟ್ಟುಬಿಡುತ್ತದೆ. ಹೀಗಾಗಿ ಹೊಗೆ ಕಾಣದಿರುವುದು ಆಯಿಲ್ ಉರಿಯುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಾಗಲಾರದು.

ಅಳತೆಗೆ ಹೊರಡುವ ಮೊದಲು ಆಯಿಲ್ ಸರಿಯಾದ ಗ್ರೇಡಿನದೇ ಎಂದು ಖಚಿತ ಮಾಡಿಕೊಳ್ಳುವುದೂ ಅಗತ್ಯ. ಎಲ್ಲ ಆಯಿಲ್‌ಗಳೂ ಬಿಸಿಗೆ ಒಂದಿಷ್ಟು ಆವಿಯಾಗುತ್ತವೆ. ಇದನ್ನು ಅಳೆಯುವ ನೋಆಕ್ ಪರೀಕ್ಷೆಯಲ್ಲಿ ಆಯಿಲನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ತೂಕ ಎಷ್ಟು ಇಳಿಯಿತು ಎಂದು ನೋಡುತ್ತಾರೆ. ಯುರೋಪಿನ ಕಾರು ತಯಾರಕರ ಸಂಘದ (ಎಸಿಇಎ) ಸಿ3 ದರ್ಜೆಯಲ್ಲಿ ಇದು ಶೇಕಡಾ 13 ಮೀರುವಂತಿಲ್ಲ. ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಇಲ್ಲದಿದ್ದರೆ ಅದನ್ನು ಬದಲಿಸಿಯೇ ಅಳತೆ ಶುರುಮಾಡಬೇಕು.

ಹೊರಗಿನ ಸೋರಿಕೆ

ನಿಲ್ಲಿಸಿದ ಜಾಗದಲ್ಲಿ ಕಲೆ ಇಲ್ಲವೆಂದರೆ ಸೋರಿಕೆ ಇಲ್ಲ ಎಂದು ಅರ್ಥವಲ್ಲ. ಕೆಲವು ಸೀಲ್‌ಗಳು ಆಯಿಲ್ ಒತ್ತಡದಲ್ಲಿರುವಾಗ ಮಾತ್ರ, ಅಂದರೆ ಓಡುವಾಗ ಮಾತ್ರ ಸೋರುತ್ತವೆ. ಸೋರಿದ್ದು ಎಕ್ಸಾಸ್ಟ್ ಮೇಲೆ ಬಿದ್ದರೆ ಸುಟ್ಟು ವಾಸನೆಯಾಗಿ ಹೋಗುತ್ತದೆ. ಸೋರಿದ ಆಯಿಲ್ ಕೆಳಕ್ಕೂ, ಗಾಳಿಯ ರಭಸಕ್ಕೆ ಹಿಂದಕ್ಕೂ ಹರಿಯುವುದರಿಂದ, ಹನಿ ಬೀಳುವ ಜಾಗ ಸೋರುವ ಜಾಗವಾಗಿರುವುದು ಅಪರೂಪ. ಆದ್ದರಿಂದ ಎಂಜಿನ್ನಿನ ಹೊರಭಾಗವನ್ನು ಡಿಗ್ರೀಸರ್ ಹಾಕಿ ತೊಳೆದು, ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಹುಡುಕಬೇಕು. ಸಂಶಯವಿರುವ ಅಂಚಿಗೆ ಟಾಲ್ಕಂ ಪೌಡರ್ ಉದುರಿಸಿದರೆ ಆಯಿಲ್ ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದೂ ಸಾಲದಿದ್ದರೆ ಆಯಿಲ್‌ಗೆ ಬೆರೆಸುವ ಹೊಳೆಯುವ ಡೈ ಮತ್ತು ಯುವಿ ಟಾರ್ಚ್ ಇವೆ.

ಹಳೆಯ ಎಂಜಿನ್‌ಗಳಲ್ಲಿ ಮೊದಲು ಗಟ್ಟಿಯಾಗುವುದು ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್. ಇದರ ಸೋರಿಕೆ ಹೊರಗೆ ಕಾಣದೆ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಗಳೊಳಗೂ ತುಂಬಿಕೊಳ್ಳಬಹುದು, ಹಾಗಾಗಿ ಇಗ್ನಿಷನ್ ಕಾಯಿಲ್ ತೆಗೆದು ನೋಡಬೇಕು. ಆಯಿಲ್ ಪ್ರೆಶರ್ ಸ್ವಿಚ್ಚು, ಆಯಿಲ್ ಫಿಲ್ಟರ್ ಕೂರುವ ಜಾಗ, ಡ್ರೈನ್ ಬೋಲ್ಟಿನ ವಾಷರ್, ಕ್ಯಾಮ್ ಮತ್ತು ಕ್ರ್ಯಾಂಕ್‌ನ ಮುಂದಿನ ಸೀಲ್‌ಗಳನ್ನು ಬೇಗ ನೋಡಿ ಮುಗಿಸಬಹುದು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕುತ್ತಿದ್ದರೆ ಕ್ರ್ಯಾಂಕ್‌ನ ಹಿಂದಿನ ಸೀಲ್ ಎನ್ನುತ್ತಾರೆ. ಗೇರ್‌ಬಾಕ್ಸ್ ಇಳಿಸಬೇಕಾದ ಆ ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು, ಮೇಲಿನ ಟ್ಯಾಪೆಟ್ ಕವರಿನ ಹಿಂಬದಿಯಿಂದಲೇ ಆಯಿಲ್ ಇಳಿದು ಬರುತ್ತಿಲ್ಲವೆಂದು ಖಚಿತವಾಗಬೇಕು. ಒಂದಕ್ಕಿಂತ ಹೆಚ್ಚು ಸೀಲ್‌ಗಳು ಒಂದೇ ಸಮಯದಲ್ಲಿ ಸೋರತೊಡಗಿದರೆ ತಪ್ಪು ಸೀಲ್‌ಗಳದ್ದಲ್ಲದೆ ಒಳಗಿನ ಒತ್ತಡದ್ದಾಗಿರುವ ಸಂಭವವೇ ಹೆಚ್ಚು. ಒತ್ತಡ ಸರಿಪಡಿಸದೆ ಹಾಕಿದ ಹೊಸ ಸೀಲ್ ಕೂಡ ಸೋರುತ್ತದೆ.

ಪಿಸಿವಿ: ಎಲ್ಲರೂ ಮರೆಯುವ ಭಾಗ

ದಹನದ ಅನಿಲ ಸ್ವಲ್ಪಮಟ್ಟಿಗೆ ರಿಂಗ್‌ಗಳನ್ನು ದಾಟಿ ಎಂಜಿನ್ನಿನ ಕೆಳಕೋಣೆಯಾದ ಕ್ರ್ಯಾಂಕ್‌ಕೇಸಿಗೆ ಇಳಿಯುವುದು ಹೊಸ ಎಂಜಿನ್ನಿನಲ್ಲೂ ಇರುವುದೇ. ಗ್ಯಾರೇಜಿನ ಮಾತಿನಲ್ಲಿ ಇದು ಬ್ಯಾಕ್ ಕಂಪ್ರೆಷನ್. ಈ ಅನಿಲವನ್ನು ಹೊರಬಿಡದೆ, ಅದರಲ್ಲಿರುವ ಆಯಿಲ್ ಮಂಜನ್ನು ಬೇರ್ಪಡಿಸಿ, ಇನ್‌ಟೇಕ್‌ಗೆ ಕೊಟ್ಟು ಸುಡುವ ವ್ಯವಸ್ಥೆಯೇ ಪಿಸಿವಿ. ಇದು ಎರಡು ರೀತಿಯಲ್ಲಿ ಕೆಡುತ್ತದೆ, ಎರಡರ ಲಕ್ಷಣಗಳೂ ಬೇರೆ ಬೇರೆ. ಕಸ ಕಟ್ಟಿ ಮುಚ್ಚಿಕೊಂಡರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿ, ಆಯಿಲ್ ಸೀಲ್‌ಗಳಿಂದಲೂ ಡಿಪ್‌ಸ್ಟಿಕ್ ಕೊಳವೆಯಿಂದಲೂ ಹೊರಗೆ ತಳ್ಳಲ್ಪಡುತ್ತದೆ. ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡರೆ ಅಥವಾ ಅದರ ರಬ್ಬರ್ ಡಯಾಫ್ರಾಮ್ ಹರಿದರೆ, ಇನ್‌ಟೇಕಿನ ವ್ಯಾಕ್ಯೂಮ್ ಆಯಿಲ್ ಮಂಜನ್ನು ನೇರವಾಗಿ ಹೀರಿಕೊಳ್ಳುತ್ತದೆ. ಐಡ್ಲಿಂಗ್ ಏರುಪೇರಾಗುತ್ತದೆ, ಹಲವು ಸಲ ಸಿಳ್ಳೆಯಂತಹ ಸದ್ದು ಬರುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆ ಇಡಬೇಕು. ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಂಡು ನಿಂತರೆ ಪಿಸಿವಿ ಸರಿಯಾಗಿದೆ. ಉಬ್ಬಿ ಹಾರಿದರೆ ದಾರಿ ಮುಚ್ಚಿದೆ ಅಥವಾ ಬ್ಯಾಕ್ ಕಂಪ್ರೆಷನ್ ಮಿತಿ ಮೀರಿದೆ. ಮುಚ್ಚಳವನ್ನು ಬಿಡಿಸಲೇ ಕಷ್ಟವಾಗುವಷ್ಟು ಒಳಸೆಳೆತವಿದ್ದರೆ ಡಯಾಫ್ರಾಮ್ ಹರಿದಿದೆ. ಬಿಡಿ ವಾಲ್ವ್ ಇರುವ ಎಂಜಿನ್ನಿನಲ್ಲಿ ಅದನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬಿಡಿಭಾಗ ಟಕಟಕ ಎನ್ನಬೇಕು, ಸದ್ದಿಲ್ಲದಿದ್ದರೆ ಬದಲಿಸಬೇಕು. ವಾಲ್ವ್ ಜೊತೆಗೆ ಬ್ರೀದರ್ ಪೈಪುಗಳನ್ನೂ, ಆಯಿಲ್ ಬೇರ್ಪಡಿಸುವ ಭಾಗವನ್ನೂ ನೋಡಬೇಕು. ಈ ಒಂದು ಪರೀಕ್ಷೆಯನ್ನು ಮಾಡದೆ ಎಂಜಿನ್ ಇಳಿಸಲು ಯಾರಿಗೂ ಒಪ್ಪಿಗೆ ಕೊಡಬೇಡಿ ಎಂದು ನಾನು ಕಳಕಳಿಯಿಂದ ಹೇಳುತ್ತೇನೆ.

ಹೊಗೆಯನ್ನು ಓದುವುದು

ಆಯಿಲ್ ಹೊಗೆ ನೀಲಿ ಛಾಯೆಯದು, ಸುಟ್ಟ ಎಣ್ಣೆಯ ಗಾಢ ವಾಸನೆಯದು. ಬಿಳಿ ಹೊಗೆ ನೀರಾವಿ ಅಥವಾ ಕೂಲೆಂಟ್. ಕಪ್ಪು ಹೊಗೆ ಹೆಚ್ಚಾದ ಇಂಧನ. ನೀಲಿ ಹೊಗೆಯ ಬಣ್ಣಕ್ಕಿಂತ ಅದು ಬರುವ ಹೊತ್ತೇ ಹೆಚ್ಚು ಹೇಳುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬಾರಿ ಗುಪ್ಪೆಂದು ಬಂದು ನಿಂತುಹೋದರೆ, ವಾಲ್ವ್ ಸೀಲ್‌ಗಳು ಗಟ್ಟಿಯಾಗಿ, ಮೇಲಿನ ಆಯಿಲ್ ವಾಲ್ವಿನ ಕಾಂಡದ ಗುಂಟ ಇಳಿದು ನಿಂತಿತ್ತು ಎಂದರ್ಥ. ಇಳಿಜಾರಿನಲ್ಲಿ ಗೇರಿನಲ್ಲೇ ಎಕ್ಸಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಸಂಶಯ ವಾಲ್ವ್ ಸೀಲ್ ಮತ್ತು ಗೈಡ್‌ಗಳ ಮೇಲೆಯೇ, ಏಕೆಂದರೆ ಥ್ರಾಟಲ್ ಮುಚ್ಚಿದಾಗ ಇನ್‌ಟೇಕಿನಲ್ಲಿ ವ್ಯಾಕ್ಯೂಮ್ ತೀರಾ ಹೆಚ್ಚಿದ್ದು ಸೀಲ್ ದಾಟಿ ಆಯಿಲನ್ನು ಎಳೆಯುತ್ತದೆ. ಆದರೆ ಸಿಕ್ಕಿಹಾಕಿಕೊಂಡ ಆಯಿಲ್ ರಿಂಗ್ (ಪಿಸ್ಟನ್ನಿನ ಮೂರನೆಯ ರಿಂಗ್) ಕೂಡ ಇದೇ ಲಕ್ಷಣವನ್ನು ತೋರಿಸಬಲ್ಲದು. ಏರು ಹತ್ತುವಾಗ, ಭಾರ ಎಳೆಯುವಾಗ ಹೊಗೆ ಹೆಚ್ಚಿದರೆ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಕಡೆಗೆ ನೋಡಬೇಕು. ಬಹಳ ಹೊತ್ತು ಐಡ್ಲಿಂಗ್‌ನಲ್ಲಿ ನಿಂತ ಮೇಲೆ ಮೋಡದಂತೆ ಹೊರಬಂದರೆ ಟರ್ಬೊ ಇರುವ ಕಾರಿನಲ್ಲಿ ಟರ್ಬೊ, ಇಲ್ಲದ ಕಾರಿನಲ್ಲಿ ವಾಲ್ವ್ ಸೀಲ್. ಹೊಗೆಯನ್ನು ಓಡಿಸುವವರು ನೋಡಲಾಗದು, ಹಿಂದಿನ ಕಾರಿನಲ್ಲಿ ಇನ್ನೊಬ್ಬರು ಕೂತು ನೋಡಬೇಕು.

ಪ್ಲಗ್, ಕಂಪ್ರೆಷನ್ ಮತ್ತು ಆಯಿಲ್ ರಿಂಗ್

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ತಪ್ಪದಂತೆ ಸಾಲಾಗಿ ಇಟ್ಟು ನೋಡಿ. ಆರೋಗ್ಯವಂತ ಪ್ಲಗ್ಗಿನ ತುದಿ ತೆಳು ಕಂದು ಅಥವಾ ಬೂದು ಬಣ್ಣದಲ್ಲಿ ಒಣಗಿರುತ್ತದೆ. ಆಯಿಲ್ ಉರಿಯುವಲ್ಲಿ ಎಲೆಕ್ಟ್ರೋಡಿನ ಮೇಲೆ ಬಿಳಿ-ಕಂದು ಮಿಶ್ರ ಬೂದಿ ಗಂಟುಗಂಟಾಗಿ ಕಟ್ಟಿರುತ್ತದೆ. ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂತಹ ಲೋಹಗಳು ಸುಟ್ಟು ಉಳಿದ ಬೂದಿ ಅದು. ಹೆಚ್ಚು ಆಯಿಲ್ ಬರುತ್ತಿದ್ದರೆ ಪ್ಲಗ್ ಕಪ್ಪಗೆ ಒದ್ದೆಯಾಗಿ ಜಿಡ್ಡುಗಟ್ಟಿರುತ್ತದೆ. ಒಂದೇ ಪ್ಲಗ್ ಹೀಗಿದ್ದರೆ ದೋಷ ಆ ಸಿಲಿಂಡರಿನದು. ಎಲ್ಲವೂ ಒಂದೇ ಸಮನಾಗಿದ್ದರೆ ಪಿಸಿವಿ, ಟರ್ಬೊ, ಅಥವಾ ಎಲ್ಲ ರಿಂಗ್‌ಗಳೂ ಒಟ್ಟಿಗೆ ಸಿಕ್ಕಿಹಾಕಿಕೊಂಡಿರುವುದು.

ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ಇಂಧನ ಮತ್ತು ಇಗ್ನಿಷನ್ ಕಡಿದಿರಬೇಕು, ಎಲ್ಲ ಪ್ಲಗ್‌ಗಳೂ ಹೊರಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ 10ರಿಂದ 14 ಬಾರ್ ಬರುತ್ತದೆ; ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇಕಡಾ 10ರಿಂದ 15ರೊಳಗಿರಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಆಯಿಲ್ ಹಾಕಿ ಮತ್ತೆ ಸೆಲ್ಫ್ ಹೊಡೆದು ನೋಡಿದಾಗ ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಲೀಕ್‌ಡೌನ್ ಪರೀಕ್ಷೆ ಇದಕ್ಕಿಂತ ಸ್ಪಷ್ಟ: ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಸಿಲಿಂಡರಿಗೆ ಗಾಳಿ ಕೊಟ್ಟು, ಆಯಿಲ್ ಮುಚ್ಚಳದಲ್ಲಿ ಬುಸ್ ಸದ್ದು ಬಂದರೆ ರಿಂಗ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಪ್ಯಾಕಿಂಗ್ ಎಂದು ನೇರವಾಗಿ ತಿಳಿಯುತ್ತದೆ.

ಇಲ್ಲಿಯೇ ದೊಡ್ಡ ತಪ್ಪು ನಡೆಯುವುದು. ಕಂಪ್ರೆಷನ್ ಚೆನ್ನಾಗಿದೆ, ಆದ್ದರಿಂದ ರಿಂಗ್ ಚೆನ್ನಾಗಿದೆ ಎಂಬ ತರ್ಕ ಅರ್ಧ ಮಾತ್ರ ಸರಿ. ಪಿಸ್ಟನ್ನಿನ ಮೇಲೆ ಸಾಮಾನ್ಯವಾಗಿ ಮೂರು ರಿಂಗ್‌ಗಳಿವೆ. ಒತ್ತಡ ಹಿಡಿಯುವುದು ಮೇಲಿನ ಎರಡು. ಮೂರನೆಯದು, ಎರಡು ತೆಳು ಪಟ್ಟಿಗಳ ನಡುವೆ ಸ್ಪ್ರಿಂಗ್ ಇಟ್ಟಂತಹ ಆಯಿಲ್ ರಿಂಗ್. ಬೋರಿನ ಗೋಡೆಯಿಂದ ಆಯಿಲನ್ನು ಕೆರೆದು, ತನ್ನ ಕಾಲುವೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಕೆಳಗೆ ಕಳಿಸುವುದು ಇದರ ಕೆಲಸ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ, ಅಥವಾ ಸದಾ ಚಿಕ್ಕ ಓಡಾಟಗಳಲ್ಲೇ ಓಡಿಸಿದರೆ, ಈ ರಂಧ್ರಗಳಲ್ಲಿ ಕಾರ್ಬನ್ ತುಂಬಿ, ಸ್ಪ್ರಿಂಗ್ ಅಂಟಿ, ರಿಂಗ್ ಅಲುಗಾಡದಂತಾಗುತ್ತದೆ. ಆಗ ಆಯಿಲ್ ಲೀಟರ್‌ಗಟ್ಟಲೆ ಮೇಲೆ ಬರುತ್ತಿದ್ದರೂ ಕಂಪ್ರೆಷನ್ ಮಾಪಕ ಏನೂ ತೋರಿಸುವುದಿಲ್ಲ. ಬೋರಿನಲ್ಲಿ ನಿಂತ ಆಯಿಲೇ ಮೇಲಿನ ರಿಂಗ್‌ಗಳ ಸಂದು ಮುಚ್ಚುವುದರಿಂದ ಒತ್ತಡ ಕೆಲವೊಮ್ಮೆ ಇರಬೇಕಾದುದಕ್ಕಿಂತ ಹೆಚ್ಚೇ ಬರುತ್ತದೆ. ಟೊಯೋಟಾ ಕಂಪನಿಯ 2.4 ಲೀಟರಿನ 2ಎಝಡ್-ಎಫ್‌ಇ ಎಂಜಿನ್ ಆಯಿಲ್ ಕುಡಿಯುವುದಕ್ಕೇ ಹೆಸರಾಯಿತು; ಕಂಪನಿ ವಾರಂಟಿ ವಿಸ್ತರಿಸಿ, ಬದಲಾದ ವಿನ್ಯಾಸದ ಪಿಸ್ಟನ್ ಮತ್ತು ರಿಂಗ್‌ಗಳನ್ನು ಹಾಕಿಕೊಡಬೇಕಾಯಿತು.

ಆಯಿಲ್ ರಿಂಗಿನ ಸಾಕ್ಷಿ ಬೋರ್‌ಸ್ಕೋಪಿನಲ್ಲಿ ಸಿಗುತ್ತದೆ. ಪ್ಲಗ್ಗಿನ ರಂಧ್ರದಿಂದ ಕ್ಯಾಮರಾ ಇಳಿಸಿ ಪಿಸ್ಟನ್ನಿನ ನೆತ್ತಿಯನ್ನು ನೋಡಬೇಕು. ವಯಸ್ಸಿಗೆ ತಕ್ಕ ಎಂಜಿನ್ನಿನಲ್ಲಿ ಅದು ಅಂಚಿನವರೆಗೂ ಒಣ ಕಾರ್ಬನ್ನಿನಿಂದ ಒಂದೇ ಸಮನಾಗಿ ಕಪ್ಪಾಗಿರುತ್ತದೆ. ರಿಂಗ್ ದಾಟಿ ಆಯಿಲ್ ಬರುತ್ತಿದ್ದರೆ, ಅಂಚಿನ ಸುತ್ತ ಕೆಲವು ಮಿಲಿಮೀಟರ್ ಅಗಲದಲ್ಲಿ ಕಾರ್ಬನ್ ತೊಳೆದುಹೋಗಿ ಲೋಹ ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಅಂಚು ಒಣಗಿದ್ದು ಇನ್‌ಟೇಕ್ ವಾಲ್ವಿನ ಕೆಳಗಿನ ಭಾಗ ಮಾತ್ರ ಒದ್ದೆಯಾಗಿದ್ದರೆ ಆಯಿಲ್ ಬಂದದ್ದು ಮೇಲಿನಿಂದ, ವಾಲ್ವ್ ಸೀಲ್ ದಾಟಿ. ಬೋರಿನ ಗೋಡೆಯಲ್ಲಿ ಹೋನಿಂಗ್‌ನ (ತಯಾರಿಕೆಯಲ್ಲಿ ಗೋಡೆಯನ್ನು ಉಜ್ಜಿದ) ಅಡ್ಡಗೆರೆಗಳು ಕಾಣುತ್ತಿವೆಯೇ, ಉದ್ದುದ್ದ ಗೀರುಗಳಿವೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಬೇಕು. ಮುಂದಿನ ನಿರ್ಧಾರ ನಿಲ್ಲುವುದು ಅದರ ಮೇಲೆ.

ಟರ್ಬೊ ಮತ್ತು ಕೂಲೆಂಟ್

ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪ್ ಬಿಚ್ಚಿದಾಗ ಒಳಗೆ ತೆಳುವಾದ ಆಯಿಲ್ ಪದರ ಇರುವುದು ಸಹಜ. ಅದು ಪಿಸಿವಿಯಿಂದ ಬಂದದ್ದು. ಮಡುಗಟ್ಟಿ ನಿಂತಿದ್ದರೆ ಮಾತ್ರ ಟರ್ಬೊ ಕಡೆ ನೋಡಬೇಕು. ಟರ್ಬೊ ಒಳಗೆ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂತಹ ಲೋಹದ ರಿಂಗ್. ಆಯಿಲ್ ಕೆಳಗೆ ಸರಾಗವಾಗಿ ಇಳಿಯುತ್ತಿರುವವರೆಗೆ ಮಾತ್ರ ಅದು ಆಯಿಲನ್ನು ತಡೆಯುತ್ತದೆ. ವಾಪಸ್ ಹೋಗುವ ಪೈಪು ಕಾರ್ಬನ್ನಿನಿಂದ ಕಟ್ಟಿಕೊಂಡರೆ, ಕ್ರ್ಯಾಂಕ್‌ಕೇಸಿನ ಒತ್ತಡ ಏರಿದರೆ, ಅಥವಾ ಏರ್ ಫಿಲ್ಟರ್ ಮುಚ್ಚಿಕೊಂಡು ಎಳೆತ ಹೆಚ್ಚಾದರೆ ಚೆನ್ನಾಗಿರುವ ಟರ್ಬೊ ಕೂಡ ಆಯಿಲ್ ಕಾರುತ್ತದೆ. ಹೊಸ ಟರ್ಬೊ ಹಾಕಿದರೂ ಹೊಗೆ ನಿಲ್ಲಲಿಲ್ಲ ಎನ್ನುವ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಈ ಮೂರರಲ್ಲಿ ಒಂದು. ಶಾಫ್ಟನ್ನು ಬೆರಳಿನಿಂದ ಹಿಡಿದು ನೋಡಿದಾಗ ಪಕ್ಕಕ್ಕೆ ಅತಿ ಸಣ್ಣ ಆಟ ಇರಬಹುದು, ಹಿಂದೆ ಮುಂದೆ ಆಟ ಕೈಗೆ ತಿಳಿಯಬಾರದು, ಬ್ಲೇಡುಗಳು ಗೋಡೆಗೆ ತಾಗಿರಬಾರದು. ಡೀಸೆಲ್ ಎಂಜಿನ್ನಿನಲ್ಲಿ ಟರ್ಬೊ ಸೋರಿಕೆಯನ್ನು ಮುಂದೂಡಲೇಬಾರದು: ಸೋರಿದ ಆಯಿಲನ್ನೇ ಇಂಧನವಾಗಿ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಎಂಜಿನ್ ತನ್ನಷ್ಟಕ್ಕೆ ವೇಗವೇರಿ ಮುರಿದುಹೋಗುವ ಅಪಾಯವಿದೆ.

ಕೂಲೆಂಟ್ ಟ್ಯಾಂಕಿನಲ್ಲಿ ಆಯಿಲ್ ತೇಲುತ್ತಿದ್ದರೆ ಆಯಿಲ್ ಕೂಲರ್ ಅಥವಾ ಹೆಡ್ ಪ್ಯಾಕಿಂಗ್ ಕಾರಣ. ಆಯಿಲ್ ಮುಚ್ಚಳದ ಕೆಳಗೆ ಮಾತ್ರ ಹಳದಿ ಬೆಣ್ಣೆಯಂತಹ ಪದರ ಕಂಡು ಕೂಲೆಂಟ್ ಮಟ್ಟ ಇಳಿಯದಿದ್ದರೆ ಅದು ಚಳಿಯಲ್ಲಿ, ಚಿಕ್ಕ ಓಡಾಟದಲ್ಲಿ ಕಟ್ಟುವ ತೇವ ಅಷ್ಟೆ.

ಚಿಕಿತ್ಸೆ ಮತ್ತು ಮರು ಅಳತೆ

ಪಿಸಿವಿ ಮತ್ತು ಪ್ಯಾಕಿಂಗ್‌ಗಳ ಕೆಲಸ ಸಣ್ಣದು. ವಾಲ್ವ್ ಸೀಲ್‌ಗಳನ್ನು ಹೆಡ್ ಇಳಿಸದೆಯೇ ಬದಲಿಸಬಹುದು: ಪ್ಲಗ್ಗಿನ ರಂಧ್ರದಿಂದ ಗಾಳಿಯ ಒತ್ತಡ ಕೊಟ್ಟರೆ ವಾಲ್ವ್ ಕೆಳಗೆ ಬೀಳದೆ ನಿಲ್ಲುತ್ತದೆ, ಸ್ಪ್ರಿಂಗ್ ಬಿಚ್ಚಿ ಸೀಲ್ ಹಾಕಬಹುದು. ಆದರೆ ಗೈಡ್ ಸವೆದು ವಾಲ್ವ್ ಅಲುಗಾಡುತ್ತಿದ್ದರೆ ಹೊಸ ಸೀಲ್ ಹೆಚ್ಚು ಕಾಲ ಬಾಳದು.

ಆಯಿಲ್ ರಿಂಗ್ ಅಂಟಿಕೊಂಡಿದ್ದು ಬೋರ್ ಚೆನ್ನಾಗಿದ್ದರೆ, ಕಾರ್ಬನ್ ಕರಗಿಸುವ ದ್ರಾವಕವನ್ನು ಪ್ಲಗ್ಗಿನ ರಂಧ್ರಗಳಿಂದ ಸುರಿದು ಕೆಲವು ಗಂಟೆ ನೆನೆಸಿಡುವ ಉಪಾಯ ಒಮ್ಮೆ ಮಾಡಿ ನೋಡಲು ಯೋಗ್ಯ. ನೆನೆದ ಮೇಲೆ ಉಳಿದ ದ್ರವವನ್ನು ಹೀರಿ ತೆಗೆದು, ಪ್ಲಗ್‌ಗಳು ಹೊರಗಿರುವಾಗಲೇ ಎಂಜಿನ್ ತಿರುಗಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಸ್ಟಾರ್ಟ್ ಮಾಡಬೇಕು. ಸಿಲಿಂಡರಿನಲ್ಲಿ ದ್ರವ ನಿಂತಿರುವಾಗ ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅನಂತರ ಒಳ್ಳೆಯ ಆಯಿಲನ್ನು 5000 ಕಿಲೋಮೀಟರಿಗೊಮ್ಮೆ ಬದಲಿಸುತ್ತಾ ಹೋದರೆ ಕೆಲವು ಎಂಜಿನ್‌ಗಳಲ್ಲಿ ಕುಡಿಯುವ ಆಯಿಲ್ ಗಣನೀಯವಾಗಿ ಇಳಿಯುತ್ತದೆ, ಕೆಲವುಗಳಲ್ಲಿ ಏನೂ ಬದಲಾಗುವುದಿಲ್ಲ. ದಪ್ಪ ಆಯಿಲ್ ಹಾಕುವುದು ಕಾರಣವನ್ನು ಸರಿಪಡಿಸುವುದಿಲ್ಲ. ಕೈಪಿಡಿ ಅನುಮತಿಸಿದ ಗ್ರೇಡುಗಳ ಒಳಗೆ, ಉದಾಹರಣೆಗೆ 5ಡಬ್ಲ್ಯು-30ರಿಂದ 5ಡಬ್ಲ್ಯು-40ಕ್ಕೆ ಹೋಗಬಹುದು, ಅದನ್ನು ಮೀರಿದರೆ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ಭಾಗಗಳಿಗೆ ತೊಂದರೆ.

ಇಳಿಸಲೇಬೇಕಾಗಿ ಬಂದರೆ ರಿಂಗ್ ಮಾತ್ರ ಬದಲಿಸಿ ಮುಚ್ಚುವ ಮೊದಲು ಬೋರಿನ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆಯಿಸಬೇಕು; ಅಂಡಾಕಾರಕ್ಕೆ ಸವೆದ ಬೋರಿನಲ್ಲಿ ಹೊಸ ದುಂಡು ರಿಂಗ್ ಎಂದಿಗೂ ಕೂರುವುದಿಲ್ಲ. ಪಿಸ್ಟನ್ನಿನ ಆಯಿಲ್ ರಂಧ್ರಗಳನ್ನು ಒಂದೊಂದಾಗಿ ಬಿಡಿಸಿದ್ದಾರೆಯೇ ಎಂದು ನಿಂತು ನೋಡಿ.

ಯಾವ ದುರಸ್ತಿಯಾದರೂ ಮೊದಲ ದಿನದ ಹೊಗೆಯಿಂದ ಫಲವನ್ನು ಅಳೆಯಬಾರದು. ಸೈಲೆನ್ಸರಿನಲ್ಲಿ, ಇಂಟರ್‌ಕೂಲರಿನಲ್ಲಿ ಉಳಿದ ಹಳೆಯ ಆಯಿಲ್ ಉರಿದು ಮುಗಿಯುವವರೆಗೆ ಹೊಗೆ ಬರುತ್ತಲೇ ಇರುತ್ತದೆ; ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳಲೂ ಕಾಲ ಬೇಕು. ಹಳೆಯ ಆಯಿಲ್ ಉರಿದು ಹೊಗೆ ನಿಂತ ಮೇಲೆ, ಹೊಸ ರಿಂಗ್ ಹಾಕಿದ್ದರೆ ಮೊದಲ 1000 ಕಿಲೋಮೀಟರ್ ಕಳೆದ ಮೇಲೆ, ಮಟ್ಟವನ್ನು ಮೇಲಿನ ಗುರುತಿಗೆ ತಂದು ಹೊಸದಾಗಿ ಅಳತೆ ಶುರುಮಾಡಿ.